ಶ್ರುತಿ, ಲಯ, ಋಣ: ಹಡ್ಸನ್ ದಡದ ಡಿಜೆ ಕಲೆಯ ಕುರಿತು

(ಉಪನ್ಯಾಸದ ಬರಹರೂಪ)



ಇಂದಿನ ಕರ್ನಾಟಕದಲ್ಲಿ 'ಡಿಜೆ' ಎಂದರೆ ಮನುಷ್ಯನ ಹೆಸರಲ್ಲ, ಯಂತ್ರದ ಹೆಸರು. ಲಾರಿಯ ಮೇಲೆ ಗೋಡೆಯಂತೆ ಪೇರಿಸಿದ ಧ್ವನಿವರ್ಧಕಗಳನ್ನು ಜನ ಹಾಗೆ ಕರೆಯುತ್ತಾರೆ. ಗಣೇಶ ವಿಸರ್ಜನೆಯ ಮೆರವಣಿಗೆಗಳಲ್ಲಿ ಡಿಜೆ ಬಳಸಕೂಡದೆಂಬ ಆದೇಶ ಹಲವು ಜಿಲ್ಲೆಗಳಲ್ಲಿ ಹೊರಡುತ್ತದೆ. ಆ ಆದೇಶವನ್ನು ಧಿಕ್ಕರಿಸುವುದನ್ನೇ ಭಕ್ತಿಯ ಗುರುತೆಂದು ತಿಳಿದವರೂ ಇದ್ದಾರೆ. ಹಡ್ಸನ್ ನದಿಯ ಎರಡೂ ದಡಗಳಲ್ಲಿ, ಅಂದರೆ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯಲ್ಲಿ, ಅದೇ ಪದ ಒಬ್ಬ ಕುಶಲಕರ್ಮಿಯನ್ನು ಸೂಚಿಸುತ್ತದೆ. ಆತನ ಅಥವಾ ಆಕೆಯ ಕೆಲಸದ ಹೆಚ್ಚಿನ ಭಾಗ ಕೇಳುವುದರಲ್ಲಿಯೇ ಕಳೆಯುತ್ತದೆ. ಒಂದು ಕಿವಿ ಸಭೆಯಲ್ಲಿ ನುಡಿಯುತ್ತಿರುವ ಹಾಡಿಗೆ ತೆರೆದಿರುತ್ತದೆ. ಹೆಡ್‌ಫೋನ್ ಒತ್ತಿಹಿಡಿದ ಇನ್ನೊಂದು ಕಿವಿ, ಸಭೆಗೆ ಇನ್ನೂ ಕೇಳಿಸದ, ಮುಂದೆ ಬರಲಿರುವ ಹಾಡನ್ನು ಆಲಿಸುತ್ತಿರುತ್ತದೆ. ಈ ಎರಡು ಹಾಡುಗಳು ಕೂಡಬಲ್ಲವೇ, ಕೂಡುವುದಾದರೆ ಎಲ್ಲಿ, ಎಷ್ಟು ಹೊತ್ತು ಎಂಬ ನಿರ್ಣಯವೇ ಆ ಕಲೆಯ ತಿರುಳು.

ಆ ನಿರ್ಣಯಕ್ಕೆ ಎರಡು ಆಧಾರಗಳಿವೆ: ಲಯ ಮತ್ತು ಶ್ರುತಿ. ಕರ್ನಾಟಕ ಸಂಗೀತದ ನೆರಳಿನಲ್ಲಿ ಬೆಳೆದ ಕನ್ನಡಿಗರಿಗೆ ಈ ಎರಡು ಮಾತುಗಳು ಹೊಸವಲ್ಲ. ಆದರೆ ಇಲ್ಲಿ ಅವುಗಳಿಗೆ ಮೂರನೆಯದೊಂದು ಸೇರುತ್ತದೆ. ಅದು ಋಣ. ಯಾರು ಕಟ್ಟಿದ ವಿದ್ಯೆಯಿಂದ ವಲಸಿಗ ಭಾರತೀಯರ ಮದುವೆ ಮನೆಗಳು ಕುಣಿಯುತ್ತಿವೆ ಎಂಬ ಪ್ರಶ್ನೆ ಅದು.

ಮೊದಲು ಲಯದ ಮಾತು.

1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಸೆಜ್‌ವಿಕ್ ಅವೆನ್ಯೂ 1520ನೇ ಸಂಖ್ಯೆಯ ವಸತಿ ಕಟ್ಟಡದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಹಣ ಬೇಕೆಂದು ಒಂದು ಪಾರ್ಟಿ ಏರ್ಪಡಿಸಿದಳು. ಪ್ರವೇಶ ಶುಲ್ಕ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ತಟ್ಟೆ ನುಡಿಸಲು ನಿಂತವನು ಆಕೆಯ ಅಣ್ಣ, ಜಮೈಕಾದಿಂದ ವಲಸೆ ಬಂದ 18 ವರ್ಷದ ಕ್ಲೈವ್ ಕ್ಯಾಂಪ್‌ಬೆಲ್. ಲೋಕ ಅವರನ್ನು ಡಿಜೆ ಕೂಲ್ ಹರ್ಕ್ ಎಂದು ಬಲ್ಲದು. ಹಾಡಿನ ನಡುವೆ ಗಾಯನ ನಿಂತು ಬರಿಯ ತಾಳವಾದ್ಯಗಳು ಉಳಿಯುವ ಕೆಲವು ಸೆಕೆಂಡುಗಳಲ್ಲಿ ಕುಣಿಯುವವರ ಮೈ ಹೆಚ್ಚು ಹುರುಪುಗೊಳ್ಳುವುದನ್ನು ಹರ್ಕ್ ಗಮನಿಸಿದ್ದರು. ಒಂದೇ ಹಾಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರ ಆ ಭಾಗ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಆರಂಭಿಸಿ, ಆ ಕೆಲವು ಸೆಕೆಂಡುಗಳನ್ನು ನಿಮಿಷಗಳಾಗಿ ಹಿಗ್ಗಿಸುವ ಉಪಾಯವನ್ನು ಅವರು ರೂಢಿಗೆ ತಂದರು.

ಆ ಉಪಾಯಕ್ಕೆ ನಿಖರತೆ ತಂದವರು ಬಾರ್ಬಡೋಸ್‌ನಲ್ಲಿ ಹುಟ್ಟಿ ಬ್ರಾಂಕ್ಸ್‌ನಲ್ಲಿ ಬೆಳೆದ ಜೋಸೆಫ್ ಸ್ಯಾಡ್ಲರ್, ಅಂದರೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ವೃತ್ತಿಶಿಕ್ಷಣ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತಿದ್ದ ಅವರು, ಸಭೆಗೆ ಕೇಳಿಸದಂತೆ ಮುಂದಿನ ತಟ್ಟೆಯನ್ನು ಹೆಡ್‌ಫೋನಿನಲ್ಲಿ ಕೇಳಿ ನೋಡುವ ಸ್ವಿಚ್ಚೊಂದನ್ನು ತಾವೇ ಜೋಡಿಸಿಕೊಂಡರು. ತಾಳದ ಭಾಗ ಎಲ್ಲಿ ಆರಂಭವಾಗುತ್ತದೆಂದು ತಟ್ಟೆಯ ಮೇಲೆ ಬಣ್ಣದ ಕ್ರೇಯಾನಿನಿಂದ ಗೆರೆ ಎಳೆದರು. ಗಡಿಯಾರದ ಮುಳ್ಳಿನಂತೆ ಆ ಗೆರೆ ಎಷ್ಟು ಸುತ್ತು ಬಂತೆಂದು ಎಣಿಸಿ, ತಟ್ಟೆಯನ್ನು ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದರೆ ಆರಂಭದ ಸ್ಥಾನ ಕೈಗೆ ಸಿಗುತ್ತದೆ.

ಬೇರೆ ಬೇರೆ ಹಾಡುಗಳ ಲಯವನ್ನು ಕೂಡಿಸುವ ವಿದ್ಯೆ ಅದಕ್ಕೂ ಕೊಂಚ ಮೊದಲೇ ಮ್ಯಾನ್‌ಹಟ್ಟನ್‌ನಲ್ಲಿ ಮೊಳೆತಿತ್ತು. ಹಳೆಯ ಜರ್ಮನ್ ಚರ್ಚೊಂದನ್ನು ನೃತ್ಯಶಾಲೆಯಾಗಿ ಮಾರ್ಪಡಿಸಿದ್ದ 'ಸ್ಯಾಂಕ್ಚುಅರಿ'ಯಲ್ಲಿ, 1970ರ ಆಸುಪಾಸಿನಲ್ಲಿ, ಫ್ರಾನ್ಸಿಸ್ ಗ್ರಾಸೊ ಎಂಬವರು ತಟ್ಟೆಯನ್ನು ಬೆರಳಿನಿಂದ ತಡೆದು ಹಿಡಿದು, ಅದರಡಿಯ ಚಕ್ರ ತಿರುಗುತ್ತಿರುವಂತೆಯೇ ಸರಿಯಾದ ಪೆಟ್ಟಿಗೆ ಕೈಬಿಡುತ್ತಿದ್ದರು. ಇದು ಸುಲಭದ ಮಾತಾಗಿರಲಿಲ್ಲ. ನಿಮಿಷಕ್ಕೆ 120 ಪೆಟ್ಟಿನ ಹಾಡು ಹಾಗೂ 121 ಪೆಟ್ಟಿನ ಹಾಡು ಒಟ್ಟಿಗೆ ಹೊರಟವೆನ್ನೋಣ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಒಂದರ ಪೆಟ್ಟು ಇನ್ನೊಂದರ ಎರಡು ಪೆಟ್ಟುಗಳ ನಟ್ಟನಡುವೆ ಬೀಳತೊಡಗುತ್ತದೆ. ಸಭೆಗೆ ಅದು ಎರಡು ಕುದುರೆಗಳ ಅಡ್ಡಾದಿಡ್ಡಿ ಓಟದಂತೆ ಕೇಳಿಸುತ್ತದೆ. ಅಂದಿನ ಹಾಡುಗಳನ್ನು ನುಡಿಸಿದವರು ಮನುಷ್ಯರು. ಅವರ ಲಯ ಉತ್ಸಾಹದಲ್ಲಿ ಏರುತ್ತಿತ್ತು, ದಣಿವಿನಲ್ಲಿ ಇಳಿಯುತ್ತಿತ್ತು. ಆದುದರಿಂದ ಒಮ್ಮೆ ಹೊಂದಿಸಿ ಕೈಬಿಡುವಂತಿರಲಿಲ್ಲ. ಹಾಡು ಮುಗಿಯುವವರೆಗೆ ಬೆರಳ ತುದಿ ತಟ್ಟೆಯ ಅಂಚಿನಲ್ಲಿ ಎಚ್ಚರವಾಗಿರಬೇಕಿತ್ತು. ರಾಜನ್-ನಾಗೇಂದ್ರರ ಕಾಲದ ಕನ್ನಡ ಚಿತ್ರಗೀತೆಯೊಂದನ್ನು ಇಂದಿನ ಯಂತ್ರಲಯದ ಹಾಡಿನೊಡನೆ ಬೆಸೆಯಲು ಹೋದವರಿಗೆ ಈ ಕಷ್ಟದ ಅರಿವಿರುತ್ತದೆ.

ಲಯ ಹೊಂದಿದರೆ ಸಾಲದು, ಆವರ್ತವೂ ಹೊಂದಬೇಕು. ನೃತ್ಯದ ಹಾಡುಗಳು ಬಹುಮಟ್ಟಿಗೆ ನಾಲ್ಕು ಪೆಟ್ಟಿನ ಎಂಟು ಘಟಕಗಳಾಗಿ, ಅಂದರೆ 32 ಪೆಟ್ಟುಗಳ ವಾಕ್ಯಗಳಾಗಿ ಸಾಗುತ್ತವೆ. ಆದಿತಾಳದ ನಾಲ್ಕು ಆವರ್ತಗಳೆಂದು ಲೆಕ್ಕ ಹಿಡಿದರೆ ತಪ್ಪಿಲ್ಲ. ಒಂದು ಹಾಡಿನ ವಾಕ್ಯ ಮುಗಿಯುವಲ್ಲಿ ಇನ್ನೊಂದರ ವಾಕ್ಯ ಆರಂಭವಾದರೆ ಕುಣಿಯುವ ಕಾಲು ತಡವರಿಸದು. ಮಾತಿನ ನಡುವೆ ಬಾಯಿ ಹಾಕುವವನಿಗೂ, ಇನ್ನೊಬ್ಬರ ವಾಕ್ಯ ಮುಗಿಯುವವರೆಗೆ ಕಾದು ಮಾತು ಸೇರಿಸುವವನಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಇನ್ನು ಶ್ರುತಿ.

ಯಕ್ಷಗಾನ ಮತ್ತು ವೃತ್ತಿರಂಗಭೂಮಿಯ ಹಾರ್ಮೋನಿಯಂ ಪರಿಭಾಷೆಯಲ್ಲಿ ಹೇಳುವುದಾದರೆ, ಒಂದು ಹಾಡಿನ ಷಡ್ಜ 'ಬಿಳಿ ಒಂದ'ರಲ್ಲಿದ್ದು, ಅದರ ಸ್ವರಗಳು ಶಂಕರಾಭರಣದವು ಎಂದಿಟ್ಟುಕೊಳ್ಳೋಣ. ಇನ್ನೊಂದು ಹಾಡೂ ಶಂಕರಾಭರಣದ್ದೇ, ಆದರೆ ಅದರ ಷಡ್ಜ 'ಬಿಳಿ ಐದ'ರಲ್ಲಿದೆ. ಅಂದರೆ ಮೊದಲನೆಯದರ ಪಂಚಮವೇ ಎರಡನೆಯದರ ಷಡ್ಜ. ಈ ಎರಡು ಹಾಡುಗಳು ಬಳಸುವ ಏಳು ಸ್ವರಸ್ಥಾನಗಳಲ್ಲಿ ಆರು ಒಂದೇ. ಬೇರೆಯಾಗುವುದು ಒಂದು ಮಾತ್ರ. ಮೊದಲ ಹಾಡಿನ ಷಡ್ಜದಿಂದ ನೋಡಿದರೆ ಶುದ್ಧ ಮಧ್ಯಮವಿದ್ದಲ್ಲಿ ಪ್ರತಿ ಮಧ್ಯಮ ಬಂದಿರುತ್ತದೆ. 29ನೇ ಮೇಳದ ಶಂಕರಾಭರಣ ಮತ್ತು 65ನೇ ಮೇಳದ ಮೇಚಕಲ್ಯಾಣಿಯ ನಡುವಿನ ಅಂತರ ಇಷ್ಟೇ. ಎದುರು ದಿಕ್ಕಿಗೆ ಹೊರಳಿ, 'ಬಿಳಿ ನಾಲ್ಕ'ರಲ್ಲಿ ಷಡ್ಜವಿರುವ ಹಾಡನ್ನು ತೆಗೆದುಕೊಂಡರೆ ಆಗಲೂ ಆರು ಸ್ವರಗಳು ಸಮಾನ. ಕಾಕಲಿ ನಿಷಾದವೊಂದು ಕೈಶಿಕಿ ನಿಷಾದವಾಗಿ ಹರಿಕಾಂಭೋಜಿಯ ಛಾಯೆ ಮೂಡುತ್ತದೆ. ಗ್ರಹಭೇದ ಬಲ್ಲವರಿಗೆ ಮೂರನೆಯ ನೆಂಟಸ್ತಿಕೆಯೂ ತಿಳಿದಿರುತ್ತದೆ: ಶಂಕರಾಭರಣದ ಧೈವತವನ್ನು ಷಡ್ಜವೆಂದು ಭಾವಿಸಿದರೆ ಒಂದು ಸ್ವರವೂ ಬದಲಾಗದೆ ನಠಭೈರವಿ ದೊರೆಯುತ್ತದೆ.

ಡಿಜೆಗಳು ಬಳಸುವ 'ಕ್ಯಾಮೆಲಾಟ್ ಚಕ್ರ' ಈ ನೆಂಟಸ್ತಿಕೆಗಳ ನಕ್ಷೆಯೇ ಹೊರತು ಬೇರೇನಲ್ಲ. ಪಾಶ್ಚಾತ್ಯ ಸಂಗೀತಶಾಸ್ತ್ರದಲ್ಲಿ ಶತಮಾನಗಳಿಂದ ಇದ್ದ ಪಂಚಮಗಳ ವೃತ್ತಕ್ಕೆ ಮಾರ್ಕ್ ಡೇವಿಸ್ ಎಂಬವರು ಗಡಿಯಾರದ ರೂಪ ಕೊಟ್ಟರು. ಹೊರಸುತ್ತಿನಲ್ಲಿ 12 ಮೇಜರ್‌ಗಳು, ಒಳಸುತ್ತಿನಲ್ಲಿ 12 ಮೈನರ್‌ಗಳು. 8ಬಿ ಎಂಬ ಮನೆಯಲ್ಲಿರುವ ಹಾಡು 7ಬಿ, 9ಬಿ ಮತ್ತು ತನ್ನ ಒಳಮನೆಯಾದ 8ಎ ಹಾಡುಗಳೊಡನೆ ಸುಖವಾಗಿ ಕೂಡುತ್ತದೆ. ಸ್ವರಜ್ಞಾನವಿಲ್ಲದವರೂ ಸಂಖ್ಯೆ ನೋಡಿ ಹಾಡು ಆರಿಸಬಹುದು.

ಈ ನಕ್ಷೆಯಲ್ಲಿ ಅಡಗಿರುವ ಒಂದು ಸಂಗತಿ ಗಮನಾರ್ಹ. ಬಿಳಿ ಒಂದಕ್ಕೆ ಅತಿ ಹತ್ತಿರದ ಮನೆ ಯಾವುದು? ಹಾರ್ಮೋನಿಯಂ ನೋಡಿದರೆ ಪಕ್ಕದಲ್ಲೇ ಇರುವ ಕಪ್ಪು ಒಂದು. ಆದರೆ ಈ ಎರಡರಿಂದ ಹೊರಡುವ ಶಂಕರಾಭರಣಗಳಿಗೆ ಸಮಾನವಾದ ಸ್ವರಗಳು ಎರಡೇ ಎರಡು. ಬೆರಳಿಗೆ ಪಕ್ಕದ ಮನೆ ಕಿವಿಗೆ ಬಲುದೂರ. ಚಕ್ರದಲ್ಲಿ ಅವುಗಳ ನಡುವೆ ಐದು ಹೆಜ್ಜೆಗಳ ಅಂತರವಿದೆ. ಇದು ತಟ್ಟೆಯ ಕಾಲದ ಡಿಜೆಗಳನ್ನು ಸತತವಾಗಿ ಕಾಡಿದ ತೊಡಕು. ತಟ್ಟೆಯ ವೇಗ ಹೆಚ್ಚಿಸಿದರೆ ಲಯದೊಂದಿಗೆ ಶ್ರುತಿಯೂ ಏರುತ್ತದೆ. ಸುಮಾರು ಶೇ. 6ರಷ್ಟು ವೇಗ ಹೆಚ್ಚಿದರೆ ಹಾಡು ಸರಿಯಾಗಿ ಒಂದು ಮನೆ ಮೇಲಕ್ಕೆ ಹೋಗುತ್ತದೆ. 120ರ ಹಾಡನ್ನು 127ರ ಹಾಡಿಗೆ ಹೊಂದಿಸಲು ಹೋದವರು ಲಯವನ್ನು ಗೆದ್ದು, ಅದೇ ಕ್ಷಣದಲ್ಲಿ ಶ್ರುತಿಯನ್ನು ಕಳೆದುಕೊಳ್ಳುತ್ತಿದ್ದರು. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200ರ ಎರಡನೆಯ ಮಾದರಿಯಲ್ಲಿ ವೇಗವನ್ನು ಶೇ. 8ರವರೆಗೆ ಏರಿಳಿಸುವ ಸರಿಗುಂಡಿಯಿತ್ತು. ಶ್ರುತಿಯನ್ನು ಬೇರ್ಪಡಿಸುವ ದಾರಿಯಿರಲಿಲ್ಲ. ಶ್ರುತಿಯನ್ನು ಮುಟ್ಟದೆ ವೇಗವನ್ನಷ್ಟೇ ಬದಲಿಸುವ ಸೌಲಭ್ಯ 1990ರ ದಶಕದ ಸಿಡಿ ಯಂತ್ರಗಳೊಡನೆ ಬಂದಿತು. ಅದಕ್ಕೆ ಮುಂಚಿನವರು ತಮ್ಮ ತಟ್ಟೆಗಳ ಸ್ವಭಾವವನ್ನು ನೆನಪಿನಲ್ಲಿಟ್ಟುಕೊಂಡು, ಕಿವಿಯನ್ನೇ ನಂಬಿ ದುಡಿದರು.

ಈಗ ಹಾಡಿನ ಶ್ರುತಿಯನ್ನು ತಂತ್ರಾಂಶ ಪತ್ತೆಹಚ್ಚುತ್ತದೆ. ಅದಕ್ಕೆ ಗೊತ್ತಿರುವ ಮನೆಗಳು 24 ಮಾತ್ರ. ಮಾಯಾಮಾಳವಗೌಳದಲ್ಲಿ ಕಟ್ಟಿದ ಹಾಡೊಂದನ್ನು ಕೊಟ್ಟರೆ, ಮೇಜರ್ ಅಲ್ಲದ, ಮೈನರ್ ಕೂಡ ಅಲ್ಲದ ಅದನ್ನು ಯಾವುದೋ ಒಂದು ಮನೆಗೆ ತಳ್ಳಿ ಸಂಖ್ಯೆ ಅಂಟಿಸುತ್ತದೆ. ಸರ್ಕಾರಿ ನಮೂನೆಗಳಲ್ಲಿ ತಮಗೆ ಹೊಂದದ ಚೌಕಕ್ಕೆ ಗುರುತು ಹಾಕಿದ ವಲಸಿಗರಿಗೆ ಈ ಪಾಡು ಪರಿಚಿತ. ಐದೇ ಸ್ವರಗಳ ಮೋಹನದ ಸಂಗತಿ ಇನ್ನೂ ಸ್ವಾರಸ್ಯಕರ. ಬಿಳಿ ಒಂದರಿಂದ ಹೊರಡುವ ಮೋಹನದ ಐದೂ ಸ್ವರಗಳು 7ಬಿ, 8ಬಿ, 9ಬಿ ಎಂಬ ಮೂರು ಮನೆಗಳಲ್ಲಿಯೂ ಇವೆ. ತಂತ್ರಾಂಶ ಒಂದನ್ನು ಹೇಳಿ ಸುಮ್ಮನಾಗುತ್ತದೆ. ಆ ಹಾಡಿಗೆ ಮೂರು ಮನೆಗಳಲ್ಲಿ ಬಳಗವಿದೆಯೆಂದು ಕಿವಿಯೇ ಕಂಡುಕೊಳ್ಳಬೇಕು.

ಸ್ನೇಹಿತರೆ, ಇಲ್ಲಿಂದ ಮೂರನೆಯ ಮಾತಿಗೆ ಬರುವುದು ಅನಿವಾರ್ಯ. ಈ ವಿದ್ಯೆ ಯಾರ ನಡುವೆ ಬೆಳೆಯಿತು?

ಹರ್ಕ್ ಮತ್ತು ಫ್ಲ್ಯಾಶ್ ಅವರ ಬ್ರಾಂಕ್ಸ್ ಅಂದು ನಗರದ ಆಡಳಿತ ಕೈಬಿಟ್ಟಿದ್ದ ಪ್ರದೇಶ. ರಾಬರ್ಟ್ ಮೋಸಸ್ ಅವರ ಯೋಜನೆಯಾದ ಕ್ರಾಸ್ ಬ್ರಾಂಕ್ಸ್ ಹೆದ್ದಾರಿ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ನೆರೆಹೊರೆಗಳನ್ನು ಸೀಳಿಹಾಕಿತ್ತು. 1970ರ ದಶಕದಲ್ಲಿ ಕಟ್ಟಡಗಳು ಸಾಲುಸಾಲಾಗಿ ಬೆಂಕಿಗೆ ಬಿದ್ದವು. 1975ರ ಹಣಕಾಸಿನ ಬಿಕ್ಕಟ್ಟಿನಲ್ಲಿ ನಗರವು ಸಾವಿರಾರು ಶಿಕ್ಷಕರನ್ನು ಮನೆಗೆ ಕಳಿಸಿತು; ಶಾಲೆಗಳ ಸಂಗೀತ ಪಾಠಕ್ಕೂ ಕತ್ತರಿ ಬಿತ್ತು. ವಾದ್ಯಗಳು ಕೈಗೆಟುಕದ ಮಕ್ಕಳು, ಮನೆಯಲ್ಲಿದ್ದ ಹಳೆಯ ತಟ್ಟೆಗಳನ್ನೂ ಅವನ್ನು ನುಡಿಸುವ ಯಂತ್ರವನ್ನೂ ವಾದ್ಯವಾಗಿಸಿಕೊಂಡರು.

ನದಿಯ ಈಚೆಗೆ, ನ್ಯೂಜೆರ್ಸಿಯ ನೆವಾರ್ಕ್‌ನ ಕಥೆಯೂ ಇದಕ್ಕೆ ಹತ್ತಿರದ್ದು. 1967ರ ಜುಲೈಯ ಬಂಡಾಯದಲ್ಲಿ ಅಲ್ಲಿ 26 ಜನ ಪ್ರಾಣ ಕಳೆದುಕೊಂಡರು. ಆ ಗಾಯ ಆರುವ ಮೊದಲೇ ಬಂಡವಾಳವೂ ಬಿಳಿಯ ನಿವಾಸಿಗಳೂ ಊರು ಬಿಟ್ಟರು. ಅದೇ ನೆವಾರ್ಕ್‌ನ ಲಿಂಕನ್ ಮೊಟೆಲ್‌ನಲ್ಲಿ 1979ರಲ್ಲಿ 'ಜಾಂಜಿಬಾರ್' ಎಂಬ ನೃತ್ಯಶಾಲೆ ತೆರೆಯಿತು. 1980ರ ದಶಕದಲ್ಲಿ ಟೋನಿ ಹಂಫ್ರೀಸ್ ಅಲ್ಲಿ ನುಡಿಸಿದ, ಚರ್ಚಿನ ಭಕ್ತಿಗಾಯನದ ಕಾವು ಉಳ್ಳ ಸಂಗೀತಕ್ಕೆ 'ಜೆರ್ಸಿ ಸೌಂಡ್' ಎಂಬ ಹೆಸರೇ ಬಂದಿತು. ಮ್ಯಾನ್‌ಹಟ್ಟನ್‌ನ ಕಿಂಗ್ ಸ್ಟ್ರೀಟ್‌ನಲ್ಲಿದ್ದ 'ಪ್ಯಾರಡೈಸ್ ಗರಾಜ್‌'ನಲ್ಲಿ ಲ್ಯಾರಿ ಲೆವಾನ್ 1987ರವರೆಗೆ ನುಡಿಸಿದರು. ಕಪ್ಪು ಮತ್ತು ಲ್ಯಾಟಿನೊ ಸಮುದಾಯದ ಸಲಿಂಗಿಗಳು ಹಗಲಿನಲ್ಲಿ ಬಚ್ಚಿಟ್ಟುಕೊಂಡ ತಮ್ಮ ಬದುಕನ್ನು ಅಲ್ಲಿ ಬೆಳಗಿನ ಜಾವದವರೆಗೆ ಭಯವಿಲ್ಲದೆ ಬದುಕುತ್ತಿದ್ದರು. ಒಂದು ಹಾಡಿನಿಂದ ಇನ್ನೊಂದಕ್ಕೆ ಹೊಲಿಗೆ ಕಾಣದಂತೆ ಸಾಗುವ ಕಲೆ ಅವರಿಗೆ ಬರಿಯ ಚಾತುರ್ಯವಾಗಿರಲಿಲ್ಲ. ಹಾಡು ನಿಂತರೆ ದೀಪ ಹತ್ತುತ್ತದೆ. ದೀಪ ಹತ್ತಿದರೆ ಹೊರಗಿನ ಲೋಕ ಒಳನುಗ್ಗುತ್ತದೆ.

ಹೊರಗಿನ ಲೋಕ ಕಾನೂನಿನ ರೂಪದಲ್ಲಿಯೂ ಕಾದಿತ್ತು. ನ್ಯೂಯಾರ್ಕ್ ನಗರ 1926ರಲ್ಲಿ ತಂದ ಕ್ಯಾಬರೆ ಕಾನೂನಿನ ಪ್ರಕಾರ, ವಿಶೇಷ ಪರವಾನಗಿಯಿಲ್ಲದ ಸಾರ್ವಜನಿಕ ಸ್ಥಳದಲ್ಲಿ ಗ್ರಾಹಕರು ಕುಣಿಯುವುದು ಅಪರಾಧ. ಹಾರ್ಲೆಮ್‌ನ ಜಾಝ್ ಶಾಲೆಗಳಲ್ಲಿ ಕಪ್ಪು ಜನ ಮತ್ತು ಬಿಳಿ ಜನ ಬೆರೆಯುತ್ತಿದ್ದುದು ಆ ಕಾನೂನಿನ ಹಿಂದಿನ ಆತಂಕವಾಗಿತ್ತೆಂದು ಇತಿಹಾಸಕಾರರು ಗುರುತಿಸಿದ್ದಾರೆ. 1940ರಿಂದ 1967ರವರೆಗೆ ಸಂಗೀತಗಾರರು ಪೊಲೀಸರಿಂದ ಗುರುತಿನ ಚೀಟಿ ಪಡೆಯಬೇಕಿತ್ತು. ಬಿಲ್ಲಿ ಹಾಲಿಡೇ, ಥೆಲೋನಿಯಸ್ ಮಾಂಕ್ ಅಂಥವರು ಅದನ್ನು ಕಳೆದುಕೊಂಡು ಜೀವನೋಪಾಯಕ್ಕೇ ಪೆಟ್ಟು ತಿಂದರು. ಪರವಾನಗಿಯಿಲ್ಲದ ಸ್ಥಳಗಳಲ್ಲಿ ತಂತಿವಾದ್ಯಕ್ಕೆ, ಪಿಯಾನೊಗೆ ಅವಕಾಶವಿದ್ದರೂ ತಾಳವಾದ್ಯಕ್ಕೆ, ಊದುವ ವಾದ್ಯಕ್ಕೆ ಅವಕಾಶವಿಲ್ಲದ ಕಾಲವೂ ಇತ್ತು. ನ್ಯಾಯಾಲಯ ಅದನ್ನು ತಳ್ಳಿಹಾಕಿದ್ದು 1980ರ ದಶಕದ ಕೊನೆಯಲ್ಲಿ. ಕುಣಿತದ ನಿಷೇಧ ರದ್ದಾಗಲು 2017 ಬರಬೇಕಾಯಿತು. ಯಾವ ವಾದ್ಯ ಮಾನ್ಯ, ಯಾವುದು ಹೀನ ಎಂಬ ಈ ವಿಂಗಡಣೆ ಕನ್ನಡಿಗರಿಗೆ ಅಪರಿಚಿತವೇ? ವೀಣೆಗೆ ಪೂಜೆ ಮಾಡಿದ ನಾಡೇ ತಮಟೆಯನ್ನೂ ಅದನ್ನು ಬಾರಿಸುವ ಕೈಯನ್ನೂ ಊರಾಚೆ ಇರಿಸಿತು. ಒಣಹುಲ್ಲಿನ ಬೆಂಕಿಗೆ ತಮಟೆ ಹಿಡಿದು, ಚರ್ಮ ಬಿಗಿದು ನಾದ ಎಲ್ಲಿಗೆ ಏರಿತೆಂದು ಕಿವಿಯಿಂದಲೇ ನಿರ್ಣಯಿಸುವ ಆ ಕಲಾವಿದನಿಗೆ ಶ್ರುತಿಜ್ಞಾನವಿದೆಯೆಂದು ಒಪ್ಪಿಕೊಳ್ಳಲು ಎಷ್ಟು ತಲೆಮಾರುಗಳು ಬೇಕಾದವು!

ಈ ಪರಂಪರೆಯೊಳಗೆ ದಕ್ಷಿಣ ಏಷ್ಯಾದವರು ಹೇಗೆ ಬಂದರು ಎಂಬುದಕ್ಕೆ ಡಿಜೆ ರೇಖಾ ಅವರ ಕೆಲಸ ಉತ್ತಮ ನಿದರ್ಶನ. ಲಂಡನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ರೇಖಾ ಮಲ್ಹೋತ್ರಾ 1997ರಲ್ಲಿ ಮ್ಯಾನ್‌ಹಟ್ಟನ್‌ನ 'ಎಸ್.ಒ.ಬೀಸ್‌'ನಲ್ಲಿ 'ಬೇಸ್‌ಮೆಂಟ್ ಭಾಂಗ್ರಾ' ಎಂಬ ತಿಂಗಳ ಕೂಟವನ್ನು ಆರಂಭಿಸಿದರು. ಪಂಜಾಬಿನ ಢೋಲ್ ಅಲ್ಲಿ ಹಿಪ್‌ಹಾಪ್‌ನೊಡನೆ, ಜಮೈಕಾದ ಡಾನ್ಸ್‌ಹಾಲ್‌ನೊಡನೆ ಕೂಡಿತು. ಇದು ಲಯದ ಲೆಕ್ಕದಲ್ಲಿಯೂ ಸಹಜವಾದ ಸಂಬಂಧ. ಭಾಂಗ್ರಾದ ಅನೇಕ ಹಾಡುಗಳು ನಿಮಿಷಕ್ಕೆ ನೂರರ ಆಸುಪಾಸಿನ ಪೆಟ್ಟಿನಲ್ಲಿ ನಡೆಯುತ್ತವೆ. ಹಿಪ್‌ಹಾಪ್ ಮತ್ತು ಡಾನ್ಸ್‌ಹಾಲ್‌ನ ಎಷ್ಟೋ ಹಾಡುಗಳ ನಡಿಗೆಯೂ ಅಲ್ಲಿಗೆ ಹತ್ತಿರ. ಲಾಭ್ ಜಂಜುವಾ ಅವರ ಕಂಠದಲ್ಲಿ ಬ್ರಿಟನ್ನಿನ ಪಂಜಾಬಿ ಎಂಸಿ ಕಟ್ಟಿದ 'ಮುಂಡಿಯಾಂ ತೋ ಬಚ್ ಕೇ' ಹಾಡು, ಅಮೆರಿಕದ ದೂರದರ್ಶನ ಧಾರಾವಾಹಿಯೊಂದರ ಮಂದ್ರನಾದದ ಮೇಲೆ ತುಂಬಿಯನ್ನು ಕೂರಿಸಿತ್ತು. ಬ್ರೂಕ್ಲಿನ್ನಿನ ಜೇ-ಝಿ 2003ರಲ್ಲಿ ಅದಕ್ಕೆ ದನಿಗೂಡಿಸಿದಾಗ ಇರಾಕ್ ಯುದ್ಧದ ವಿರುದ್ಧದ ಮಾತೂ ಅದರೊಳಗೆ ಬಂದಿತು.

2001ರ ಸೆಪ್ಟೆಂಬರ್ ನಂತರ ಪೇಟ ಮತ್ತು ಗಡ್ಡ ಅನುಮಾನಕ್ಕೆ ಗುರಿಯಾದ ದಿನಗಳು ಬಂದವು. ಸಿಖ್ಖರ ಮೇಲೆ ಹಲ್ಲೆಗಳಾದವು, ಮುಸ್ಲಿಂ ದೇಶಗಳ ವಲಸಿಗರನ್ನು ಸರ್ಕಾರ ಪಟ್ಟಿ ಮಾಡಿತು. ಆ ದಿನಗಳಲ್ಲಿಯೂ ನಗರದ ನಡುವೆ ತಿಂಗಳು ತಪ್ಪದೆ ಢೋಲ್ ನುಡಿಸುವುದು ಒಂದು ರಾಜಕೀಯ ನಿಲುವೇ ಆಗಿತ್ತು. ಕೂಟವು 2017ರಲ್ಲಿ ಮುಕ್ತಾಯ ಕಂಡಿತು. ಅದೇ ವರ್ಷದ ಜನವರಿಯಲ್ಲಿ ವಾಷಿಂಗ್ಟನ್ನಿನ ಮಹಿಳಾ ಮೆರವಣಿಗೆಯಲ್ಲಿ ರೇಖಾ ಸಂಗೀತ ನುಡಿಸಿದ್ದರು.

ಮೆರವಣಿಗೆ ಅಲ್ಲಿಯೂ ಇತ್ತು, ಧ್ವನಿವರ್ಧಕ ಅಲ್ಲಿಯೂ ಇತ್ತು. ಆದರೆ ಮಸೀದಿಯ ಮುಂದೆ ನಿಲ್ಲಿಸಿ ಧ್ವನಿ ಹೆಚ್ಚಿಸುವ ಲಾರಿಗೂ ಇದಕ್ಕೂ ಅಂತರವಿದೆ. ಆ ಲಾರಿಗೆ ಇನ್ನೊಂದು ಹಾಡು ಬೇಕಿಲ್ಲ. ಇನ್ನೊಬ್ಬರ ಹಾಡು ಕೇಳಿಸದಂತೆ ಮಾಡುವುದೇ ಅದರ ಗುರಿ. ಬ್ರಾಂಕ್ಸ್‌ನಲ್ಲಿ ಹುಟ್ಟಿದ ವಿದ್ಯೆಯ ಹೆಸರನ್ನು ಅದು ಹೊತ್ತಿದೆ, ಆ ವಿದ್ಯೆಯ ಮೊದಲ ಪಾಠವನ್ನು ಬಿಟ್ಟಿದೆ. ಈ ರೋಗ ಸಾಗರ ದಾಟದೆ ಉಳಿದಿಲ್ಲ. 2022ರ ಆಗಸ್ಟ್‌ನಲ್ಲಿ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ನಡೆದ ಭಾರತ ದಿನಾಚರಣೆಯ ಮೆರವಣಿಗೆಯಲ್ಲಿ ಬುಲ್ಡೋಜರ್ ಸಾಗಿತು. ಆಕ್ಷೇಪಗಳು ಎದ್ದ ಮೇಲೆ ಸಂಘಟಕರು ಕ್ಷಮೆ ಕೇಳಬೇಕಾಯಿತು.

ಇದೇ ಎಡಿಸನ್ನಿನ ಸುತ್ತಮುತ್ತ ವಾರಾಂತ್ಯಗಳಲ್ಲಿ ನಡೆಯುವ ಭಾರತೀಯರ ಆರತಕ್ಷತೆಗಳಲ್ಲಿ ಡಿಜೆ ಇಲ್ಲದ ಆರತಕ್ಷತೆ ಅಪರೂಪ. ಚಿತ್ರಗೀತೆ ಹಿಪ್‌ಹಾಪ್‌ಗೆ ಜಾರುತ್ತದೆ, ಹಿಪ್‌ಹಾಪ್ ಭಾಂಗ್ರಾಕ್ಕೆ, ಅದು ಮತ್ತೆ ಹೌಸ್ ಸಂಗೀತಕ್ಕೆ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಕುಣಿಯುತ್ತಾರೆ. ಆ ಹೊಲಿಗೆಯ ಹಲವು ಎಳೆಗಳು ಕಪ್ಪು ಜನರ ಕೈಯಿಂದ ಬಂದವು. ಆದರೆ ಅಲ್ಲಿ ಕುಣಿದವರಲ್ಲಿ ಹಲವರಿಗೆ ನೆವಾರ್ಕ್ ಎಂದರೆ ವಿಮಾನ ನಿಲ್ದಾಣ ಮಾತ್ರ. ಆ ಊರಿನೊಳಗೆ ಹಾದುಹೋಗುವಾಗ ಕಾರಿನ ಬಾಗಿಲು ಭದ್ರವಾಗಿದೆಯೇ ಎಂದು ನೋಡಿಕೊಳ್ಳುವ ಕೈಯೇ ನೃತ್ಯಶಾಲೆಯಲ್ಲಿ ಮೇಲಕ್ಕೇರುತ್ತದೆ. ಮಗಳು ಕಪ್ಪು ಹುಡುಗನನ್ನು ಪ್ರೀತಿಸಿದಳೆಂದರೆ ಅದೇ ಮನೆಯ ಸಂಗೀತ ನಿಂತುಹೋಗುತ್ತದೆ.

ಸಂಗೀತದ ಆಚೆಗೂ ಈ ಋಣವಿದೆ. ಭಾರತೀಯರು ಇಷ್ಟು ಸಂಖ್ಯೆಯಲ್ಲಿ ಇಲ್ಲಿಗೆ ಬರಲು ದಾರಿ ತೆರೆದದ್ದು 1965ರ ವಲಸೆ ಕಾನೂನು. ಜನಾಂಗದ ಆಧಾರದ ಮೇಲೆ ಬಾಗಿಲು ಮುಚ್ಚುವುದು ಅನ್ಯಾಯವೆಂದು ಈ ದೇಶದ ಸಂಸತ್ತು ಒಪ್ಪಿಕೊಳ್ಳುವ ವಾತಾವರಣವನ್ನು ಸೃಷ್ಟಿಸಿದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ. 1987ರಲ್ಲಿ ಜೆರ್ಸಿ ಸಿಟಿಯಲ್ಲಿ 'ಡಾಟ್‌ಬಸ್ಟರ್ಸ್' ಎಂದು ಕರೆದುಕೊಂಡವರು ಭಾರತೀಯರ ಮೇಲೆ ಎರಗಿದಾಗ, ಹೋಬೋಕನ್ನಿನಲ್ಲಿ ನವರೋಜ್ ಮೋದಿ ಹಲ್ಲೆಗೆ ಬಲಿಯಾದಾಗ, ದ್ವೇಷಾಪರಾಧದ ವಿರುದ್ಧ ದನಿಯೆತ್ತಲು ಬೇಕಾದ ಭಾಷೆಯೂ ಅದೇ ಹೋರಾಟ ಕಟ್ಟಿಕೊಟ್ಟ ಭಾಷೆಯಾಗಿತ್ತು.

ಚಕ್ರದ ಪಾಠವನ್ನು ಇಲ್ಲಿ ಮತ್ತೊಮ್ಮೆ ನೆನೆಯಬಹುದು. ಆರು ಸ್ವರಗಳು ಒಂದಾಗಿದ್ದರೂ ಏಳನೆಯದು ಬೇರೆಯೇ. ಆ ಒಂದು ಸ್ವರ ಬೇರೆಯಾಗಿರುವುದರಿಂದಲೇ ಹಾಡು ಮುಂದಕ್ಕೆ ಸಾಗಿದಂತೆ ಕೇಳಿಸುತ್ತದೆ. ಏಳೂ ಒಂದೇ ಮನೆಯವಾದರೆ ರಾತ್ರಿಯಿಡೀ ನಿಂತಲ್ಲೇ ನಿಂತಂತಾಗುತ್ತದೆ. ಬ್ರಾಂಕ್ಸ್‌ನ ಮಗುವಿನ ನೋವೂ ಕನ್ನಡದ ವಲಸಿಗನ ನೋವೂ ಒಂದೇ ಎಂದು ಯಾರೂ ಹೇಳಬೇಕಾಗಿಲ್ಲ. ಹಾಗೆ ಹೇಳುವುದು ಸುಳ್ಳು. ಸಮಾನವಾದ ಸ್ವರಗಳನ್ನು ಹುಡುಕಿ, ಬೇರೆಯಾದ ಸ್ವರಕ್ಕೆ ಜಾಗ ಬಿಟ್ಟು, ಇನ್ನೊಬ್ಬರ ವಾಕ್ಯ ಮುಗಿಯುವವರೆಗೆ ಕಾಯುವುದು ಸಾಧ್ಯ.

ಕನ್ನಡ ಕೂಟಗಳ ಯುಗಾದಿಗೆ, ರಾಜ್ಯೋತ್ಸವಕ್ಕೆ ಮುಂದೆಯೂ ಡಿಜೆಗಳು ಬರುತ್ತಾರೆ; ಬರಲಿ. ಅಂಥ ಒಂದು ರಾಜ್ಯೋತ್ಸವಕ್ಕೆ ನೆವಾರ್ಕ್‌ನ ಡಿಜೆಯೊಬ್ಬರನ್ನು ಕರೆದು, ಅವರ ಊರಿನ ಸಂಗೀತದ ಕಥೆಯನ್ನು ಅವರ ಬಾಯಿಂದಲೇ ಕೇಳಿ, ಅನಂತರ ಅವರ ಪಕ್ಕದಲ್ಲಿ ತಮಟೆಯವರನ್ನು ನಿಲ್ಲಿಸಿದರೆ ಏನಾದೀತು? ಲಯವನ್ನು ಅವರಿಬ್ಬರು ನಿಮಿಷದೊಳಗೆ ಹೊಂದಿಸಿಕೊಳ್ಳುತ್ತಾರೆ. ಕೇಳುವ ಸಭೆಯ ಕಿವಿ ಹೊಂದಿಕೊಳ್ಳಲು ಇನ್ನಷ್ಟು ಕಾಲ ಬೇಕಾದೀತು. ಆ ಕೆಲಸಕ್ಕೆ ಯಾವ ತಂತ್ರಾಂಶವೂ ಇಲ್ಲ. ಅದನ್ನು ಈ ಸಭೆಯೇ ಮಾಡಬೇಕು.